ಬಾಗಿಲಿಗೆ ಬಂದವರು

ಚಾಮರಾಜನಗರದ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಕಂಸಾಳೆಯ ಸದ್ದು, ತಂಬೂರಿಯ ನಾದ ಹೊಸತಲ್ಲ. ಮಲೆಯ ಮಾದಪ್ಪನ ಗುಡ್ಡರು, ಮಂಟೇಸ್ವಾಮಿಯ ನೀಲಗಾರರು ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ತಿರುಗಿ, ಮನೆಯ ಬಾಗಿಲಲ್ಲಿ ನಿಂತು, ತಮ್ಮ ಒಡೆಯನ ಕಥೆಯನ್ನು ಹಾಡುತ್ತಾರೆ. ಈ ಕಥೆಗಳ ದೇವರು ಗರ್ಭಗುಡಿಯಲ್ಲಿ ಕುಳಿತು ಭಕ್ತರು ಬರಲೆಂದು ಕಾಯುವವನಲ್ಲ. ತಾನೇ ನಡೆದು ಬರುವವನು, ಬಾಗಿಲಲ್ಲಿ ನಿಂತು ಭಿಕ್ಷೆ ಕೇಳುವವನು. ಬಡವರ ಗುಡಿಸಲಿನಲ್ಲಿ ಅವನಿಗೆ ಆದರ ದೊರೆಯುತ್ತದೆ. ಸಿರಿವಂತರ ತೊಟ್ಟಿಮನೆಯಲ್ಲಿ ಜಗಳ ಹುಟ್ಟುತ್ತದೆ. ಈ ಚಿತ್ರವನ್ನು ಕೇಳುಗರು ಸ್ವಲ್ಪ ಹೊತ್ತು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕೆಂದು ಪ್ರಾರ್ಥಿಸುತ್ತೇನೆ. ಏಕೆಂದರೆ ಈಗ ನಾನು ಹೇಳಹೊರಟಿರುವುದು ದೇವರ ವಿಷಯವನ್ನಲ್ಲ, ಚುನಾವಣೆಯ ವಿಷಯವನ್ನು.

ಮತ್ತೆ ಮತ್ತೆ ಮೋಸಹೋದ ಮತದಾರ, ಯಾರನ್ನೂ ನಂಬುವುದಿಲ್ಲವೆಂದು ಶಪಥ ಮಾಡಿದ ಮತದಾರ, ಇದ್ದಕ್ಕಿದ್ದಂತೆ ಒಬ್ಬ ನಾಯಕನಿಗೆ ಮನಸೋತು ಅವನ ಪಟವನ್ನು ದೇವರ ಗೂಡಿನ ಪಕ್ಕದಲ್ಲಿ ತೂಗುಹಾಕುತ್ತಾನೆ. ಇದು ಏಕೆ? ವಿದ್ಯಾವಂತರು ಇದಕ್ಕೆ ಸುಲಭವಾಗಿ ಕೊಡುವ ಉತ್ತರ, ‘ಅಜ್ಞಾನ’ ಎಂಬುದು. ನಾನೂ ಒಂದು ಕಾಲಕ್ಕೆ ಹಾಗೆಯೇ ತಿಳಿದಿದ್ದೆ. ಆ ತಿಳಿವಳಿಕೆ ಅಲುಗಾಡಿದ್ದು 1980ರ ಜನವರಿಯಲ್ಲಿ.

ಆಗ ನಾನು ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ತರಗತಿಯ ವಿದ್ಯಾರ್ಥಿ. ಲೋಕಸಭೆಯ ಚುನಾವಣೆಗೆಂದು ತೆರಕಣಾಂಬಿಯ ಬಳಿಯ ನಮ್ಮ ಹಳ್ಳಿಗೆ ಬಂದಿದ್ದೆನಾದರೂ ಮತ ಹಾಕುವ ಯೋಗ ನನಗಿರಲಿಲ್ಲ. ಆಗಿನ ಕಾನೂನಿನಲ್ಲಿ ಮತದಾನದ ವಯಸ್ಸು 21, ನನಗಿನ್ನೂ 20. ನಮ್ಮ ಹೊಲಕ್ಕೆ ಕೂಲಿಗೆ ಬರುತ್ತಿದ್ದ ವೃದ್ಧೆಯೊಬ್ಬಳು ಮತಗಟ್ಟೆಯಿಂದ ಹಿಂದಿರುಗುತ್ತಿದ್ದಳು. ನಾನು ತಡೆದು, ‘ಅಜ್ಜೀ, ನಿನಗೆ ನಿವೇಶನ ಕೊಟ್ಟ ಸರಕಾರ ಅರಸರದು. ನಿನ್ನ ಮಗನನ್ನು ಜೀತದಿಂದ ಬಿಡಿಸಿದ್ದೂ ಅದೇ ಸರಕಾರ. ನೀನು ನೋಡಿದರೆ ಇಂದಿರಮ್ಮನಿಗೆ ಹಾಕಿ ಬಂದೆಯಲ್ಲ?’ ಎಂದು ತರ್ಕ ಹೂಡಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು: ‘ಕೊಟ್ಟೋರು ಯಾರು ಅಂತ ನಂಗೇನ್ ಗೊತ್ತು ಬುದ್ದಿ. ನಮ್ಮಂತೋರೂ ಅವರೆ ಅಂತ ಒಬ್ರಾರ ಬಾಯ್ಬುಟ್ಟು ಅಂದ್ರಲ್ಲ, ಅದು ಸಾಕು ಕನ.’

ನನ್ನ ಪ್ರಶ್ನೆಗೆ ಅದು ಉತ್ತರವಲ್ಲವೆಂದು ಆ ದಿನ ನನಗೆ ಅನ್ನಿಸಿತು. ವಸ್ತುತಃ ಉತ್ತರ ಅದೇ ಆಗಿತ್ತು. ಅದನ್ನು ಅರಿಯಲು ಈ ಸೀಮೆಯ ಚರಿತ್ರೆಯಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ದಾರಿಯಲ್ಲಿ ಹಂಗಳವೆಂಬ ಊರಿದೆ. ಪಟ್ಟಕ್ಕೆ ಬರುವ ಮುನ್ನ ಚಿಕ್ಕದೇವರಾಜ ಒಡೆಯರು ತಮ್ಮ ಎಳವೆಯ ದಿನಗಳನ್ನು ಕಳೆದದ್ದು ಇಲ್ಲಿಯೇ. ತಮ್ಮ ತಂದೆಯ ನೆನಪಿಗಾಗಿ ಗುಂಡ್ಲುಪೇಟೆಯಲ್ಲಿ ಪರವಾಸುದೇವ ದೇವಾಲಯವನ್ನು ಕಟ್ಟಿಸಿದವರೂ ಅವರೇ. ಹಂಗಳದಲ್ಲಿ ಅವರಿಗೆ ಒಡನಾಡಿಗಳಾಗಿದ್ದವರಲ್ಲಿ ಇಬ್ಬರನ್ನು ಚರಿತ್ರೆ ನೆನೆಯುತ್ತದೆ: ಒಬ್ಬ ಯಳಂದೂರಿನ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತ, ಇನ್ನೊಬ್ಬ ಕವಿ ತಿರುಮಲಾರ್ಯ. ರಾಜಕುಮಾರನು ಸಿಂಹಾಸನವನ್ನೇರುವನೆಂದು ವಿಶಾಲಾಕ್ಷ ಪಂಡಿತ ಭವಿಷ್ಯ ನುಡಿದು, ಹಾಗಾದಲ್ಲಿ ತನ್ನನ್ನು ಪ್ರಧಾನಿಯನ್ನಾಗಿ ಮಾಡಬೇಕೆಂಬ ಮಾತನ್ನು ಪಡೆದುಕೊಂಡಿದ್ದನೆಂದು ಐತಿಹ್ಯ. 1673ರಲ್ಲಿ ಆ ನುಡಿ ನಿಜವಾಯಿತು. ಪಂಡಿತ ಪ್ರಧಾನಿಯೂ ಆದ.

ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಚಿಕ್ಕದೇವರಾಜರ ಆಳ್ವಿಕೆ ಒಂದು ಬೆಳಕಿನ ಕಾಲ. ತಿರುಮಲಾರ್ಯ, ಸಿಂಗರಾರ್ಯ, ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದುಕೊಂಡು ‘ಹದಿಬದೆಯ ಧರ್ಮ’ವನ್ನು ಬರೆದ ಯಳಂದೂರಿನ ಹೊನ್ನಮ್ಮ, ಇವರೆಲ್ಲ ಆ ಆಸ್ಥಾನದ ಆಶ್ರಯದಲ್ಲಿ ಅರಳಿದವರು. ಆದರೆ ಅದೇ ಆಳ್ವಿಕೆಯಲ್ಲಿ ತೆರಿಗೆಗಳು ಒಂದರ ಮೇಲೊಂದು ಏರಿದವು. ರೈತರು ಉಳುಮೆ ನಿಲ್ಲಿಸಿದರು. ನೇಗಿಲನ್ನು ತಲೆಕೆಳಗಾಗಿ ಊರ ಬಾಗಿಲ ಮರಕ್ಕೆ ತೂಗುಹಾಕಿದರು. ಅವರಿಗೆ ಬೆಂಬಲವಾಗಿ ನಿಂತ ಜಂಗಮರನ್ನು ನಂಜನಗೂಡಿಗೆ ಕರೆಸಿ ಕೊಲ್ಲಿಸಲಾಯಿತೆಂದು 19ನೆಯ ಶತಮಾನದ ಆದಿಯಲ್ಲಿ ಮೈಸೂರಿನ ಇತಿಹಾಸವನ್ನು ಬರೆದ ಮಾರ್ಕ್ ವಿಲ್ಕ್ಸ್ ದಾಖಲಿಸಿದ್ದಾನೆ. ಕೊನೆಗೆ 1686ರಲ್ಲಿ ವಿಶಾಲಾಕ್ಷ ಪಂಡಿತನೇ ಕೊಲೆಗೀಡಾದ.

ಈ ಪ್ರಸಂಗವನ್ನು ಇಲ್ಲಿ ನೆನೆಯಲು ಒಂದು ಕಾರಣವುಂಟು. ಅರಸನ ಕಾಲದಲ್ಲಿ ಪ್ರಜೆಗೆ ಭರವಸೆ ಇಡುವ ಹಕ್ಕು ಇತ್ತು. ಇಟ್ಟ ಭರವಸೆಯನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಇರಲಿಲ್ಲ. ಹಿಂದಕ್ಕೆ ತೆಗೆದುಕೊಳ್ಳಬೇಕೆಂದರೆ ನೇಗಿಲನ್ನು ಮರಕ್ಕೆ ನೇತುಹಾಕಬೇಕಾಗಿತ್ತು, ತಲೆಯನ್ನು ಪಣಕ್ಕಿಡಬೇಕಾಗಿತ್ತು. ನಿರಾಶೆಗೆ ತೆರಬೇಕಾಗಿದ್ದ ಬೆಲೆ ರಕ್ತ. ಆದ್ದರಿಂದಲೇ ಪ್ರಾಯಶಃ ಜನ ತಮ್ಮ ನಿರಾಶೆಯನ್ನೂ ಆಸೆಯನ್ನೂ ಅರಮನೆಯಿಂದ ದೂರಕ್ಕೆ, ಬೆಟ್ಟಕ್ಕೆ, ಒಯ್ದರು. ಮಾದಪ್ಪನ ಕಾವ್ಯದಲ್ಲಿ ಬಂಕಾಪುರಿಯ ಶ್ರವಣನೆಂಬ ದೊರೆ ದೇವತೆಗಳನ್ನೇ ಸೆರೆಯಲ್ಲಿಟ್ಟು ಚಾಕರಿ ಮಾಡಿಸಿಕೊಳ್ಳುತ್ತಾನೆ. ಅವನ ಅಳಿವಿಗೆ ಕಾರಣವಾಗುವುದು ಸಮಗಾರ ಹರಳಯ್ಯ ಮಾಡಿಕೊಟ್ಟ ಪಾದರಕ್ಷೆ. ಗಂಡನ ಸಂಶಯಕ್ಕೆ ಗುರಿಯಾಗಿ ಹಿಂಸೆಪಟ್ಟ ಸೋಲಿಗರ ಸಂಕಮ್ಮನ ಬಳಿಗೆ ಮಾದಪ್ಪ ತಾನಾಗಿಯೇ ಬರುತ್ತಾನೆ. ಅಧಿಕಾರ ಕೈಬಿಟ್ಟವರ ಬಳಿಗೆ ಒಬ್ಬನು ಬರುತ್ತಾನೆ ಎಂಬ ಈ ನಂಬಿಕೆ ನಮ್ಮ ಜನಪದರಲ್ಲಿ ಮತಪೆಟ್ಟಿಗೆಗಿಂತ ಹಳೆಯದು. ಮತಪೆಟ್ಟಿಗೆ ಬಂದಾಗ ಅದು ಮತಪೆಟ್ಟಿಗೆಯೊಳಕ್ಕೂ ಬಂದಿತು.

ಈಗ 1970ರ ದಶಕಕ್ಕೆ ಬರೋಣ. ಸ್ವಾತಂತ್ರ್ಯ ಬಂದು ಕಾಲು ಶತಮಾನ ಕಳೆಯುತ್ತಿತ್ತು. ಮತ ಯಾರಿಗೆ ಎಂಬುದನ್ನು ಅನೇಕ ಹಳ್ಳಿಗಳಲ್ಲಿ ಊರ ಗೌಡರೂ ಯಜಮಾನರೂ ನಿರ್ಧರಿಸುತ್ತಿದ್ದರು. ಉಳಿದವರು ಹಾಕಿ ಬರುತ್ತಿದ್ದರು. ಅಂಥ ಕಾಲದಲ್ಲಿ, 1971ರಲ್ಲಿ, ಬಡತನವನ್ನು ಹೋಗಲಾಡಿಸುತ್ತೇನೆಂದು ಒಬ್ಬ ಹೆಂಗಸು ಯಜಮಾನರನ್ನು ದಾಟಿ ನೇರವಾಗಿ ಬಡವರೊಡನೆ ಮಾತನಾಡಿದಳು. ಆಗಿನ ಮೈಸೂರು ರಾಜ್ಯದ 27 ಲೋಕಸಭಾ ಸ್ಥಾನಗಳೂ ಇಂದಿರಾ ಗಾಂಧಿಯವರ ಪಕ್ಷಕ್ಕೆ ಹೋದವು. ಮರುವರ್ಷ ದೇವರಾಜ ಅರಸು ಮುಖ್ಯಮಂತ್ರಿಯಾದರು.

ಅರಸರ ಸರಕಾರ ಕೇವಲ ಮಾತನಾಡಲಿಲ್ಲ ಎಂಬುದನ್ನು ಅವರ ವಿರೋಧಿಗಳೂ ಒಪ್ಪುತ್ತಾರೆ. 1972ರಲ್ಲಿ ಹಾವನೂರು ಆಯೋಗ ನೇಮಕವಾಗಿ, ಅದರ ವರದಿ 1975ರಲ್ಲಿ ಬಂದಿತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ‘ಉಳುವವನೇ ಹೊಲದೊಡೆಯ’ ಎಂಬ ಮಾತಿಗೆ ಕಾನೂನಿನ ಬಲವನ್ನು ಕೊಟ್ಟಿತು. ಗೇಣಿದಾರರ ಅರ್ಜಿಗಳನ್ನು ವಿಚಾರಿಸಲು ಭೂ ನ್ಯಾಯಮಂಡಳಿಗಳು ಏರ್ಪಟ್ಟವು. ಗೇಣಿಯ ಪದ್ಧತಿ ಹೆಚ್ಚಾಗಿದ್ದ ಕರಾವಳಿ ಮಲೆನಾಡುಗಳಲ್ಲಿ ಇದರ ಫಲ ಹೆಚ್ಚು. ನಮ್ಮ ಬಯಲಿನಲ್ಲಿ ಬಡವರ ಮನಸ್ಸನ್ನು ಮುಟ್ಟಿದ್ದು ಜೀತವಿಮುಕ್ತಿ, ಸಾಲಪರಿಹಾರ, ನಿವೇಶನ, ಇವುಗಳು.

ಅದರ ಪರಿಣಾಮವೂ ಕಾಣಿಸಿತು. 1977ರಲ್ಲಿ ಉತ್ತರ ಭಾರತ ಇಂದಿರಾ ಗಾಂಧಿಯವರನ್ನು ಸಾರಾಸಗಟಾಗಿ ತಿರಸ್ಕರಿಸಿದಾಗ ಕರ್ನಾಟಕ 28ರಲ್ಲಿ 26 ಸ್ಥಾನಗಳನ್ನು ಅವರ ಪಕ್ಷಕ್ಕೆ ಕೊಟ್ಟಿತು. 1978ರ ನವೆಂಬರಿನಲ್ಲಿ ಚಿಕ್ಕಮಗಳೂರಿನ ಉಪಚುನಾವಣೆ ಅವರಿಗೆ ಲೋಕಸಭೆಯ ಬಾಗಿಲನ್ನು ಮತ್ತೆ ತೆರೆಯಿತು. 1979ರಲ್ಲಿ ಅರಸರಿಗೂ ಇಂದಿರಾ ಗಾಂಧಿಯವರಿಗೂ ವಿರಸ ಬೆಳೆದು, ಅರಸರು ಪಕ್ಷದಿಂದ ಹೊರಬಿದ್ದರು. ಕೆಲಸ ಮಾಡಿದವರು ಒಂದು ಕಡೆ, ಹೆಸರಾದವರು ಇನ್ನೊಂದು ಕಡೆ ನಿಂತರು. 1980ರ ಜನವರಿಯಲ್ಲಿ ಜನ ತೀರ್ಪು ಕೊಟ್ಟರು: 28ರಲ್ಲಿ 27 ಸ್ಥಾನ ಇಂದಿರಾ ಗಾಂಧಿಯವರಿಗೆ, ಅರಸರ ಪಕ್ಷಕ್ಕೆ ರಾಜ್ಯದಲ್ಲಿ ಒಂದೂ ಇಲ್ಲ. ನಮ್ಮ ಚಾಮರಾಜನಗರ ಮೀಸಲು ಕ್ಷೇತ್ರದಿಂದ ವಿ. ಶ್ರೀನಿವಾಸ ಪ್ರಸಾದರು ಮೊದಲ ಬಾರಿಗೆ ಲೋಕಸಭೆಗೆ ಹೋದದ್ದು ಆ ಚುನಾವಣೆಯಲ್ಲಿ. ಅರಸರು ರಾಜೀನಾಮೆ ಕೊಟ್ಟರು. 1982ರ ಜೂನಿನಲ್ಲಿ ತೀರಿಕೊಂಡರು.

ಇದನ್ನು ಕೃತಘ್ನತೆಯೆಂದು ಕರೆದವರಿದ್ದಾರೆ. ಆ ಅಜ್ಜಿಯ ಮಾತಿನ ಬೆಳಕಿನಲ್ಲಿ ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ. ನಿವೇಶನ ಬಂದದ್ದು ಸರಕಾರದಿಂದ ನಿಜ. ಆದರೆ ಅದು ಅವಳ ಕೈ ಸೇರುವ ಮುನ್ನ ಗ್ರಾಮಲೆಕ್ಕಿಗರ ಕಟ್ಟೆಯನ್ನೂ ತಾಲ್ಲೂಕು ಕಚೇರಿಯ ಮೆಟ್ಟಿಲನ್ನೂ ಊರ ಪುಢಾರಿಯ ಜಗುಲಿಯನ್ನೂ ಹಾದು ಬಂದಿತ್ತು. ಎಲ್ಲೆಡೆಯೂ ಅವಳು ಕೈಮುಗಿದು ನಿಂತಿದ್ದಳು. ಹತ್ತಿರದ ಸರಕಾರದಲ್ಲಿ ಅವಳು ಕಂಡದ್ದು ಈ ಮುಖಗಳನ್ನು. ದೂರದ ದೆಹಲಿಯ ಮುಖ ಅವಳಲ್ಲಿ ಏನನ್ನೂ ಕೇಳಿರಲಿಲ್ಲ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ರಾಜಕೀಯಕ್ಕೆ ಅನ್ವಯಿಸುವಷ್ಟು ಚೆನ್ನಾಗಿ ಬೇರಾವುದಕ್ಕೂ ಅನ್ವಯಿಸದು. ಅಲ್ಲದೆ ಅರಸರೂ ಅನೇಕ ವರ್ಷ ಅದೇ ಮುಖವನ್ನು ಮುಂದಿಟ್ಟು ಮತ ಕೇಳಿದ್ದರು. ಹೀಗೆ ಕೊಡುಗೆ ಒಬ್ಬರದು, ಕೊಟ್ಟ ಹೆಸರು ಇನ್ನೊಬ್ಬರದು ಆಯಿತು.

ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಬಹುಕಾಲ ನಿರಾಶನಾದವನು ಹೊಸ ನಾಯಕನಲ್ಲಿ ಮೊದಲು ಹುಡುಕುವುದು ವಸ್ತುವನ್ನಲ್ಲ. ಬಾವಿ, ರಸ್ತೆ, ಹೊಲ ಇವುಗಳ ಆಶ್ವಾಸನೆ ಸುಳ್ಳಾದದ್ದನ್ನು ಅವನು ಎಷ್ಟೋ ಸಲ ಕಂಡಿದ್ದಾನೆ. ತಾನೂ ಲೆಕ್ಕದಲ್ಲಿರುವವನು ಎಂಬ ಮಾತನ್ನು ಅವನು ಕಂಡಿರುವುದಿಲ್ಲ, ಕೇಳಿರುವುದಿಲ್ಲ. ಅದನ್ನು ಬಾಯಿಬಿಟ್ಟು ಹೇಳಿದವರಿಗೆ ಅವನು ಸೋಲುತ್ತಾನೆ. ಭರವಸೆಯ ನಾಯಕರಲ್ಲಿ ಜನ ಇಡುವ ಭಕ್ತಿಯ ಬೇರು ಇಲ್ಲಿದೆಯೆಂದು ನಾನು ತಿಳಿದಿದ್ದೇನೆ.

ಇದೇ ಮಾತಿಗೆ ನಮ್ಮ ಜಿಲ್ಲೆ ಇನ್ನೊಂದು ದಿಕ್ಕಿನಿಂದಲೂ ಸಾಕ್ಷಿ ಹೇಳುತ್ತದೆ. ಚಾಮರಾಜನಗರಕ್ಕೆ ಬಂದ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾನೆಂಬ ಮೂಢನಂಬಿಕೆಯನ್ನು ಕೇಳುಗರು ಬಲ್ಲರು. ದೇವರಾಜ ಅರಸು, ಗುಂಡೂರಾವ್, ರಾಮಕೃಷ್ಣ ಹೆಗಡೆ, ಎಸ್.ಆರ್. ಬೊಮ್ಮಾಯಿ, ವೀರೇಂದ್ರ ಪಾಟೀಲ ಎಂದು ಜನ ಹೆಸರುಗಳನ್ನು ಸಾಲಾಗಿ ಎಣಿಸುತ್ತಿದ್ದರು. ಅಧಿಕಾರ ಹೋಗುವುದಕ್ಕೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಕಾರಣಗಳಿದ್ದವು. ಆದರೆ ಅಪವಾದ ಊರಿಗೆ ಅಂಟಿಕೊಂಡಿತು. 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಚಾಮರಾಜನಗರ ಜಿಲ್ಲೆಯಾದಾಗಲೂ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಅದನ್ನು ಉದ್ಘಾಟಿಸಿದ್ದು ಜಿಲ್ಲಾಕೇಂದ್ರದಲ್ಲಲ್ಲ, ಮಲೆ ಮಹದೇಶ್ವರ ಬೆಟ್ಟದಲ್ಲಿ. ಅರಿಕುಠಾರವೆಂಬ ಹಳೆಯ ಹೆಸರನ್ನು ಬಿಟ್ಟು, ಅಲ್ಲಿ ಹುಟ್ಟಿದ ರಾಜನ ಹೆಸರನ್ನು ಅವನ ಮಗ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಪಡೆದ ಊರು ಇದು. ರಾಜರು ಹೆಸರಿಟ್ಟು ಗುಡಿ ಕಟ್ಟಿಸಿದ ಊರಿಗೆ ಪ್ರಜಾಪ್ರಭುತ್ವದ ನಾಯಕರು ಕಾಲಿಡಲು ಹೆದರಿದರು. ಊರಿನವರು ಈ ವಿಷಯವನ್ನು ನಗುತ್ತಲೇ ಹೇಳುತ್ತಿದ್ದರು. ಆದರೆ ಆ ನಗೆಯೊಳಗೆ ಅವಮಾನವಿತ್ತು. 2013ರಿಂದ 2018ರವರೆಗೆ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರು ಹಲವು ಬಾರಿ ಊರಿಗೆ ಬಂದು, ಐದು ವರ್ಷದ ಅವಧಿಯನ್ನೂ ಪೂರೈಸಿದರು. ಅವರ ರಾಜಕೀಯವನ್ನು ಒಪ್ಪದವರು ಕೂಡ ‘ಬಂದರಲ್ಲ’ ಎಂದು ಹೇಳಿದ್ದನ್ನು ನಾನು ಕೇಳಿದ್ದೇನೆ. ನಾಯಕನ ಬರವು ಮಾತ್ರವೇ ಒಂದು ಊರಿಗೆ ಎಷ್ಟು ದೊಡ್ಡದು ಎಂಬುದನ್ನು ತಿಳಿಯಬೇಕಾದರೆ, ಅವನು ಬಾರದೆ ಇದ್ದ ಊರಿನಲ್ಲಿ ಬಾಳಿರಬೇಕು.

ಹಾಗಾದರೆ ಈ ಭಕ್ತಿ ಕುರುಡೆ? 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರರು ಎಚ್ಚರಿಕೆಯ ಮಾತೊಂದನ್ನು ಹೇಳಿದರು: ಧರ್ಮದಲ್ಲಿ ಭಕ್ತಿ ಮುಕ್ತಿಯ ಮಾರ್ಗವಾಗಬಹುದು, ಆದರೆ ರಾಜಕೀಯದಲ್ಲಿ ವ್ಯಕ್ತಿಪೂಜೆ ಅಧಃಪತನಕ್ಕೂ ಕೊನೆಗೆ ಸರ್ವಾಧಿಕಾರಕ್ಕೂ ದಾರಿ ಎಂಬುದು ಅದರ ಸಾರ. 1975ರ ತುರ್ತುಪರಿಸ್ಥಿತಿಯನ್ನು ಕಂಡವರು ಈ ಮಾತನ್ನು ಅಲ್ಲಗಳೆಯಲಾರರು. ಇಷ್ಟಾಗಿಯೂ ನಮ್ಮ ಮತದಾರನ ನಡೆಯನ್ನು ಗಮನಿಸಿದರೆ, ಅವನ ಭಕ್ತಿಯಲ್ಲಿ ಶರಣಾಗತಿಯ ಜೊತೆಗೆ ಪರೀಕ್ಷೆಯೂ ಸೇರಿರುವುದು ಕಂಡುಬರುತ್ತದೆ.

ಲೆಕ್ಕವನ್ನೇ ನೋಡಿ. 1980ರಲ್ಲಿ 27 ಸ್ಥಾನ ಕೊಟ್ಟ ಕರ್ನಾಟಕವೇ ಮೂರು ವರ್ಷದೊಳಗೆ, 1983ರ ಜನವರಿಯಲ್ಲಿ, ಕಾಂಗ್ರೆಸ್ಸನ್ನು ರಾಜ್ಯದ ಅಧಿಕಾರದಿಂದ ಮೊಟ್ಟಮೊದಲ ಬಾರಿಗೆ ಇಳಿಸಿತು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. 1984ರ ಡಿಸೆಂಬರಿನಲ್ಲಿ, ಇಂದಿರಾ ಗಾಂಧಿಯವರ ಹತ್ಯೆಯ ಶೋಕದ ನಡುವೆ, ಅದೇ ಜನ 28ರಲ್ಲಿ 24 ಲೋಕಸಭಾ ಸ್ಥಾನಗಳನ್ನು ಕಾಂಗ್ರೆಸ್ಸಿಗೆ ಕೊಟ್ಟರು. ಹೆಗಡೆಯವರು ನೈತಿಕ ಹೊಣೆ ಹೊತ್ತು ಹೊಸ ಜನಾದೇಶ ಕೇಳಿದಾಗ, 1985ರ ಮಾರ್ಚಿನಲ್ಲಿ, ಅವರ ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟು ಗೆಲ್ಲಿಸಿದರು. ಮೂರು ತಿಂಗಳ ಅಂತರದಲ್ಲಿ ಎರಡು ತೀರ್ಪು! ದೆಹಲಿಗೆ ಯಾರು, ಬೆಂಗಳೂರಿಗೆ ಯಾರು ಎಂದು ಬೇರೆ ಬೇರೆಯಾಗಿ ತೂಗಿ ನೋಡುವವನನ್ನು ಕುರುಡನೆಂದು ಹೇಳುವುದು ಹೇಗೆ?

ಅದೇ 1985ರಲ್ಲಿ, ಜನತಾ ಪಕ್ಷದ ಅಲೆಯ ನಡುವೆ, ಗುಂಡ್ಲುಪೇಟೆ ಮಾತ್ರ ಕಾಂಗ್ರೆಸ್ಸಿನ ಕೆ.ಎಸ್. ನಾಗರತ್ನಮ್ಮನವರನ್ನು ಗೆಲ್ಲಿಸಿ ಕಳುಹಿಸಿತು. ಈ ಕ್ಷೇತ್ರದಿಂದ ಅವರು ಏಳು ಬಾರಿ ಶಾಸಕಿಯಾದರು. 1972ರಿಂದ 1978ರವರೆಗೆ ರಾಜ್ಯ ವಿಧಾನಸಭೆಯ ಮೊದಲ ಮಹಿಳಾ ಅಧ್ಯಕ್ಷೆಯಾಗಿ, ಅನಂತರ ವಿರೋಧಪಕ್ಷದ ನಾಯಕಿಯಾಗಿ ದುಡಿದರು. ಕಾಡಂಚಿನ ಒಂದು ತಾಲ್ಲೂಕು, ಹೆಣ್ಣೆಂದು ಹಿಂಜರಿಯದೆ, 1957ರಷ್ಟು ಹಿಂದೆಯೇ ಅವರನ್ನು ಆರಿಸಿದ್ದು ಸಣ್ಣ ಮಾತಲ್ಲ. ದೂರದ ಮುಖಕ್ಕೆ ಮನಸೋಲುವ ಜನ ಹತ್ತಿರದ ಮನುಷ್ಯರನ್ನೂ ಅಳೆದು ನೋಡಬಲ್ಲರು ಎಂಬುದಕ್ಕೆ ಗುಂಡ್ಲುಪೇಟೆ ನಿದರ್ಶನ. ಇನ್ನು ಸಂತೇಮರಹಳ್ಳಿ ಕ್ಷೇತ್ರವಂತೂ 2004ರಲ್ಲಿ ತಕ್ಕಡಿಯನ್ನೇ ಹಿಡಿಯಿತು. ಆರ್. ಧ್ರುವನಾರಾಯಣರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿಯವರಿಗೆ 40,751. ಅಂತರ ಒಂದೇ ಒಂದು ಮತ. ‘ನನ್ನೊಬ್ಬನ ಮತದಿಂದ ಏನಾದೀತು’ ಎಂದು ಮನೆಯಲ್ಲಿ ಕುಳಿತವರು ಆ ಕ್ಷೇತ್ರದಲ್ಲಿ ಬಹುದಿನ ನಿದ್ದೆ ಮಾಡಿರಲಾರರು.

ಆದರೂ ಒಂದು ಕಡೆ ನಮ್ಮ ಭಕ್ತಿ ಸೋಲುತ್ತದೆ. ಬಂದವರು ಬಂದರೆಂಬ ಸಂತೋಷದಲ್ಲಿ, ಏನನ್ನು ತಂದರು ಎಂದು ಕೇಳುವುದನ್ನು ನಾವು ಮರೆಯುತ್ತೇವೆ. 2021ರ ಮೇ 2 ಮತ್ತು 3ರ ನಡುವಣ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ಹೋಯಿತು. ಒಂದು ದಿನದೊಳಗೆ 24 ಮಂದಿ ರೋಗಿಗಳು ತೀರಿಕೊಂಡರೆಂಬುದು ಸರಕಾರವೇ ಕೊಟ್ಟ ಲೆಕ್ಕ. ಅದರಲ್ಲಿ ಆಮ್ಲಜನಕದ ಕೊರತೆಯಿಂದ ಸತ್ತವರು ಎಷ್ಟು ಎಂಬುದು ಆಮೇಲೆ ವಾದದ ವಿಷಯವಾಯಿತು. ಸತ್ತವರ ಮನೆಗಳ ಬಾಗಿಲಿಗೆ ಅನಂತರ ನಾಯಕರು ಬಂದರು. ಬಂದದ್ದು ತಪ್ಪಲ್ಲ, ಬರಬೇಕಾದದ್ದೇ. ಆದರೆ ಆ ರಾತ್ರಿ ಆ ಊರಿಗೆ ಬರಬೇಕಾಗಿದ್ದದ್ದು ಆಮ್ಲಜನಕದ ಸಿಲಿಂಡರು. ಅದನ್ನು ಹೊತ್ತಿಗೆ ಸರಿಯಾಗಿ ತಲುಪಿಸುವುದು ಯಾವ ಮಹಾಪುರುಷನ ವರವೂ ಅಲ್ಲ; ಅದು ಲೆಕ್ಕದ ಪುಸ್ತಕ, ದಾಸ್ತಾನು, ಲಾರಿ, ಹೊಣೆಯರಿತ ಅಧಿಕಾರಿ ಇವರು ಸೇರಿ ಮಾಡುವ ಕೆಲಸ. ಇದನ್ನು ದಿನನಿತ್ಯ ಕೇಳುವ ನಾಗರಿಕನಿಲ್ಲದಿದ್ದರೆ ಪಟಕ್ಕೆ ಹಾಕಿದ ಹೂವು ಯಾರನ್ನೂ ಉಳಿಸಲಾರದು.

ಇಲ್ಲಿ ಮಂಟೇಸ್ವಾಮಿಯ ಕಥೆ ನೆನಪಾಗುತ್ತದೆ. ಅವನು ಕಲ್ಯಾಣಕ್ಕೆ ಹೋಗುವಾಗ ಜಗಜ್ಯೋತಿಯ ರೂಪದಲ್ಲಿ ಹೋಗುವುದಿಲ್ಲ. ಯಾರೂ ಹತ್ತಿರ ಸೇರಿಸದ ಹೀನರೂಪವನ್ನು ತಾಳಿ, ಮೈಗೆಲ್ಲ ಕೊಳೆ ಬಳಿದುಕೊಂಡು, ಶರಣರೆಂದು ಹೆಸರಾದವರ ಬಾಗಿಲಲ್ಲಿ ನಿಲ್ಲುತ್ತಾನೆ. ಮಡಿಯುಟ್ಟವರು ಅವನನ್ನು ಅಟ್ಟುತ್ತಾರೆ. ಕೊನೆಗೆ ಗುರುತು ಹಿಡಿಯುವವನು ಬಸವಣ್ಣನೊಬ್ಬನೇ. ಈ ಕಥೆಯನ್ನು ನೀಲಗಾರರ ಬಾಯಲ್ಲಿ ಕೇಳುವಾಗ, ನಾಯಕನೇ ಮಂಟೇದಯ್ಯ, ನಾವು ಅವನನ್ನು ಗುರುತಿಸಬೇಕಾದವರು ಎಂದು ನಾವು ಭಾವಿಸುತ್ತ ಬಂದಿದ್ದೇವೆ. ಪ್ರಜಾಪ್ರಭುತ್ವದಲ್ಲಿ ಪಾತ್ರಗಳು ಅದಲುಬದಲಾಗಿವೆ. ಕೊಳೆಬಟ್ಟೆಯುಟ್ಟು ಕಲ್ಯಾಣದ ಬಾಗಿಲಲ್ಲಿ ನಿಂತಿರುವವನು ಮತದಾರ. ಪರೀಕ್ಷೆಗೆ ಒಳಗಾಗಬೇಕಾದವರು ಒಳಗಿರುವವರು.

ನನ್ನೂರಿನ ಆ ಅಜ್ಜಿ ತೀರಿಕೊಂಡು ಬಹಳ ಕಾಲವಾಯಿತು. ತಾನು ಲೆಕ್ಕದಲ್ಲಿದ್ದೇನೆ ಎಂಬ ಒಂದು ಮಾತಿಗಾಗಿ ಅವಳು ಬಾಳಿನುದ್ದಕ್ಕೂ ಕಾದಿದ್ದಳು; ಅದು ಬಂದಾಗ ಕೃತಜ್ಞತೆಯಿಂದ ತನ್ನ ಮತವನ್ನು ಮುಡಿಪಿನಂತೆ ಒಪ್ಪಿಸಿದಳು. ಅವಳನ್ನು ನೋಡಿ ಅಂದು ನಾನು ನಕ್ಕಿದ್ದೆ. ಓದಿದ ನನಗೆ, ಅವಳು ಕೈಮುಗಿದು ನಿಂತಿದ್ದ ಕಚೇರಿಯ ಮೆಟ್ಟಿಲಿಗೆ ಅವಳೊಡನೆ ಹೋಗಿ, ಅವಳ ಪರವಾಗಿ ಒಂದು ಮಾತು ಕೇಳಬೇಕೆಂದು ಒಂದು ದಿನವೂ ತೋಚಲಿಲ್ಲ. ಹತ್ತಿರದವರು ಹೀಗೆ ಬಾಯಿ ಕಟ್ಟಿಕೊಂಡಿರುವವರೆಗೆ ಜನ ದೂರದ ಮುಖಗಳಿಗೆ ಹೂವು ಏರಿಸುತ್ತಲೇ ಇರುತ್ತಾರೆ.